ಪದಚರ್ಚೆ: ಕಾರಿನ ಸೆಟ್ಟಿಗೆ ಫೋನು "ಹಿಡಿಯೋದು" - ಪೇರ್, ಕನೆಕ್ಟ್, ಮಿರರ್ ಇವಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ,

ಸ್ಮಾರ್ಟ್‌ಫೋನನ್ನ ಕಾರಿನ ಮುಂದಿರೋ ಆ ಟಚ್ ಸ್ಕ್ರೀನ್ ಸೆಟ್ಟಿಗೆ ಕೂಡಿಸ್ತೀವಲ್ಲ, ಅದರಲ್ಲಿ ನಿಜವಾಗಿ ನೋಡಿದ್ರೆ ಮೂರು ಬೇರೆ ಬೇರೆ ಕೆಲಸ ಇವೆ. ಮೊದಲನೇ ಸಲ ಫೋನಿಗೂ ಕಾರಿಗೂ ಒಬ್ಬರಿಗೊಬ್ಬರು ಗೊತ್ತು ಮಾಡಿಸೋದು (ಪೇರ್) ಒಂದು, ಆಮೇಲೆ ದಿನಾ ಗಾಡಿ ಸ್ಟಾರ್ಟ್ ಮಾಡಿದಾಗ ತಾನೇ ಸೇರ್ಕೊಳ್ಳೋದು (ಕನೆಕ್ಟ್) ಇನ್ನೊಂದು, ಫೋನಿನ ಮ್ಯಾಪು ಹಾಡು ಎಲ್ಲ ಕಾರಿನ ಸ್ಕ್ರೀನ್ ಮೇಲೆ ಬರೋದು (ಜನ ಮಿರರ್ ಅನ್ನೋದು) ಮತ್ತೊಂದು. ನಾವು ಮೂರಕ್ಕೂ "ಕನೆಕ್ಟ್ ಮಾಡು" ಅಂದು ಮುಗಿಸಿಬಿಡ್ತೀವಿ. ಮಾತಾಡುವಾಗ ಏನೂ ತೊಂದರೆ ಇಲ್ಲ, ಎದುರಿಗೆ ಗಾಡಿ ಇರುತ್ತೆ, ಕೈ ತೋರಿಸಿದ್ರೆ ಆಯ್ತು. ಬರೆಯೋಕೆ ಕೂತಾಗ ಕೈ ಕಟ್ಟಿ ಹೋಗುತ್ತೆ.

ಯಾಕೆ ಬರೀಬೇಕಾಯ್ತು ಅಂದ್ರೆ ನಮ್ಮ ಸೋದರಮಾವನ ಮಗ ಇಲ್ಲೇ ದಾವಣಗೆರೆ ಪಿ.ಬಿ. ರೋಡಲ್ಲಿ ಕಾರ್ ಡೆಕೋರೇಷನ್ ಅಂಗಡಿ ಇಟ್ಕೊಂಡಿದ್ದಾನೆ, ಸೀಟ್ ಕವರು, ಮ್ಯಾಟು, ಹಾರ್ನು, ರಿವರ್ಸ್ ಕ್ಯಾಮೆರಾ, ಈಗೀಗ ಈ ಸೆಟ್ಟುಗಳೇ ಜಾಸ್ತಿ. ಕೂರಿಸಿಕೊಂಡು ಹೋದವರು ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಫೋನ್ ಮಾಡಿ "ಹಾಡು ಬರ್ತಿಲ್ಲ ಕಣಣ್ಣ" ಅಂತ ಶುರು ಹಚ್ಕೊಳ್ತಾರೆ, ಇವನು ಪ್ಯಾನಲ್ ಬಿಚ್ಕೊಂಡು ಕೂತಿರೋ ಹೊತ್ತಲ್ಲಿ ಕಿವಿಗೆ ಫೋನ್ ಸಿಗಿಸ್ಕೊಂಡು ಅರ್ಧ ಗಂಟೆ ಪಾಠ. ಅದಕ್ಕೆ ನನಗೆ ಹೇಳಿದ, "ಕನ್ನಡ ಕನ್ನಡ ಅಂತ ಬಡ್ಕಂತೀಯಲ್ಲ, ಒಂದು ಪೇಜು ಬರ್ದು ಕೊಡು ಮಾರಾಯ, ಜೆರಾಕ್ಸ್ ಮಾಡ್ಸಿ ಬಿಲ್ ಜೊತೆ ಕೊಟ್‌ಬಿಡ್ತೀನಿ" ಅಂತ. ಒಂದು ಪೇಜು ತಾನೇ ಅಂತ ಒಪ್ಕೊಂಡೆ.

ಮೊದಲ ಸಾಲಲ್ಲೇ ತೊಡಕು. ಆ ವಸ್ತುವಿಗೆ ಏನಂತ ಬರೀಬೇಕು? ಕಂಪನಿ ಪುಸ್ತಕದಲ್ಲಿ ಇನ್ಫೋಟೈನ್‌ಮೆಂಟ್ ಸಿಸ್ಟಮ್ ಅಂತಿರುತ್ತೆ, ಆ ಪದವನ್ನ ಅಂಗಡಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ವಯಸ್ಸಾದವರು ಇವತ್ತಿಗೂ "ಟೇಪು" ಅಂತಾರೆ, ಕ್ಯಾಸೆಟ್ಟು ಹೋಗಿ ಎಷ್ಟೋ ಕಾಲ ಆದ್ರೂ. ಟ್ರ್ಯಾಕ್ಟರ್ ಹುಡುಗರು "ಡೆಕ್ಕು". ಮೆಕ್ಯಾನಿಕ್‌ಗಳು "ಸಿಂಗಲ್ ಡಿನ್", "ಡಬಲ್ ಡಿನ್", ಇದು ಜರ್ಮನಿಯ ಅಳತೆ ಸಂಸ್ಥೆಯ ಹೆಸರಿನ ಮೂರು ಅಕ್ಷರ, ಸೆಟ್ಟು ಕೂರೋ ಕಿಂಡಿ 180 ಮಿ.ಮೀ. ಅಗಲ 50 ಮಿ.ಮೀ. ಎತ್ತರ ಇದ್ರೆ ಸಿಂಗಲ್ಲು, ಎತ್ತರ ಅದರ ಎರಡರಷ್ಟು ಇದ್ರೆ ಡಬಲ್ಲು. ಕೆಲಸದ ಹುಡುಗರಿಗೆ ಡಿನ್ ಅಂದ್ರೆ ಒಂದು ಸೈಜು ಅಷ್ಟೇ, ಅಷ್ಟು ಸಾಕು ಕೂಡ. ನಾನು "ಸೆಟ್ಟು" ಅಂತ ಇಟ್ಕೊಂಡೆ. ರೇಡಿಯೋ ಸೆಟ್ಟು, ಟೀವಿ ಸೆಟ್ಟು ಕಾಲದಿಂದ ಬಾಯಿಗೆ ಕೂತಿರೋ ಪದ.

"ಡ್ಯಾಶ್‌ಬೋರ್ಡ್" ಅಂತ ಬರೆಯೋ ಹಾಗೂ ಇಲ್ಲ ಗೊತ್ತಾ. ನಮ್ಮ ಕಡೆ "ಡ್ಯಾಶ್‌ಬೋರ್ಡಲ್ಲಿ ಐತೆ ನೋಡು" ಅಂದ್ರೆ ಪಕ್ಕದ ಸೀಟಿನ ಮುಂದಿರೋ ಮುಚ್ಚಳದ ಡಬ್ಬಿ, ಆರ್‌ಸಿ, ಇನ್ಶೂರೆನ್ಸು, ಒರೆಸೋ ಬಟ್ಟೆ, ಒಂದು ಹಳೇ ಎಲೆಅಡಿಕೆ ಚೀಟಿ ಇವೆಲ್ಲ ಇರೋ ಜಾಗ. "ಫೋನನ್ನು ಡ್ಯಾಶ್‌ಬೋರ್ಡಿಗೆ ಹಾಕಿ" ಅಂತ ಬರೆದ್ರೆ ನಮ್ಮ ಜನ ಫೋನನ್ನ ಅದರೊಳಗೆ ಇಟ್ಟು ಮುಚ್ಚಳ ಹಾಕಿ ಹಾಡಿಗೆ ಕಾಯ್ತಾರೆ. ಅಂದಹಾಗೆ ಇಂಗ್ಲಿಷಲ್ಲೂ ಈ ಪದ ಹುಟ್ಟಿದ್ದು ಕುದುರೆ ಗಾಡಿಯಲ್ಲಿ, ಕುದುರೆ ಕಾಲಿಂದ ಹಾರೋ ರಾಡಿ ಕೂತವರ ಮೇಲೆ ಸಿಡೀದಿರಲಿ ಅಂತ ಮುಂದೆ ಹೊಡೀತಿದ್ದ ಹಲಗೆಗೆ ಆ ಹೆಸರು. ಪದಗಳು ಎಲ್ಲೆಲ್ಲಿಗೋ ಹೋಗ್ತವೆ, ಅದು ಬೇರೆ ಮಾತು.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ಫೋನಿನ ಭಾಷೆ ಕನ್ನಡಕ್ಕೆ ಇಟ್ರೆ ಕನೆಕ್ಟ್‌ಗೆ "ಸಂಪರ್ಕ" ಬರುತ್ತೆ. ಸರಿ, ಒಪ್ಪಿದೆ. ಆದ್ರೆ ಅದೇ ಫೋನಲ್ಲಿ ನಾವು ಸೇವ್ ಮಾಡ್ಕೊಂಡಿರೋ ನಂಬರುಗಳ ಪಟ್ಟಿಗೂ "ಸಂಪರ್ಕಗಳು" ಅಂತಲೇ ಹೆಸರು. ಮೊದಲ ಸಲ ಕಾರಿಗೆ ಸೇರಿಸುವಾಗ ಫೋನು ಕೇಳುತ್ತೆ, ನಿನ್ನ ನಂಬರುಗಳನ್ನೂ ಕಾಲ್ ಬಂದ ಲೆಕ್ಕವನ್ನೂ ಕಾರಿಗೆ ಕೊಡಲಾ ಬೇಡವಾ ಅಂತ. ಒಂದೇ ಹೊತ್ತಲ್ಲಿ ಈ ಸಂಪರ್ಕ ಯಾವುದು ಆ ಸಂಪರ್ಕ ಯಾವುದು? ಬೇಡ ಅಂತ ಒತ್ತಿದವರು ಆಮೇಲೆ ಬಂದು, ಕಾರಲ್ಲಿ ಕಾಲ್ ಬಂದ್ರೆ ಹೆಸರೇ ಬರಲ್ಲ ಬರೀ ನಂಬರ್ ಬರುತ್ತೆ, ಸೆಟ್ಟು ಡೂಪ್ಲಿಕೇಟ್ ಕೊಟ್ಟಿದೀರ ಅಂತ ಜಗಳ ತೆಗೀತಾರೆ. ಇನ್ನು "ಸಂಪರ್ಕ ಕಡಿತ" ಅಂತ ಓದಿದ್ರೆ ನಮ್ಮ ಜನರಿಗೆ ಕರೆಂಟ್ ಬಿಲ್ಲೇ ನೆನಪಾಗೋದು.

ಪೇರ್ ಮಾಡೋದಕ್ಕೆ "ಜೋಡಿಸು", "ಜೋಡಿ ಮಾಡು" ಅಂತ ಕೆಲವು ಕಡೆ ಓದಿದೀನಿ. ನನಗೆ ಯಾಕೋ ಒಗ್ಗಲಿಲ್ಲ. ಜೋಡಿಸು ಅಂದ್ರೆ ಬಿಡಿ ಭಾಗ ಸೇರಿಸಿ ಕಟ್ಟೋದು, ಮಂಚ ಜೋಡಿಸಿದ, ಇಟ್ಟಿಗೆ ಜೋಡಿಸಿದ. ಜೋಡಿ ಅಂದ್ರೆ ಎರಡೇ, ಎತ್ತಿನ ಜೋಡಿ, ಚಪ್ಪಲಿ ಜೋಡಿ. ಇಲ್ಲಿ ಹಂಗಿಲ್ಲ, ಒಂದು ಸೆಟ್ಟು ಮನೆಮಂದಿ ಎಲ್ಲರ ಫೋನನ್ನೂ ನೆನಪಿಟ್ಕೊಂಡಿರುತ್ತೆ, ಒಂದು ಫೋನು ಕಾರು, ಸ್ಪೀಕರ್ರು, ಕಿವಿಗೆ ಹಾಕೋದು ಎಲ್ಲವನ್ನೂ. ಗಂಡ ಹೆಂಡತಿ ಇಬ್ಬರ ಫೋನೂ ಗಾಡಿಯಲ್ಲಿದ್ರೆ ಯಾರದು ಮೊದಲು ಸೇರ್ಕೊಳ್ಳುತ್ತೆ ಅನ್ನೋದೇ ಒಂದು ಕಥೆ, ಹೆಂಡತಿ ಫೋನು ಸೇರಿರುತ್ತೆ, ಅವರ ತಂಗಿ ಕಾಲ್ ಮಾಡಿ ಭಾವನ ಬಗ್ಗೆ ಏನೋ ಶುರು ಮಾಡ್ತಾರೆ, ಭಾವ ಸ್ಟೀರಿಂಗ್ ಹಿಡ್ಕೊಂಡು ನಾಲ್ಕೂ ಸ್ಪೀಕರಲ್ಲಿ ಕೇಳಿಸ್ಕೊಳ್ತಾರೆ. ಇದಕ್ಕೆಲ್ಲ ಜೋಡಿ ಅಂದ್ರೆ ಹೆಂಗೆ.

ಅಂಗಡಿಯಲ್ಲಿ ಸುಮ್ನೆ ಕೂತು ಕಿವಿ ಕೊಟ್ಟೆ. ಹುಡುಗರು, ಗಿರಾಕಿಗಳು, ಟ್ಯಾಕ್ಸಿ ಡ್ರೈವರ್‌ಗಳು ಎಲ್ಲರ ಬಾಯಲ್ಲೂ ಒಂದೇ ಮಾತು: "ಹಿಡಿ". "ಬ್ಲೂಟೂತ್ ಹಿಡೀತಿಲ್ಲ", "ನಿಮ್ಮ ಫೋನು ತೋರಿಸ್ತೈತೆ ಆದ್ರೆ ಹಿಡ್ಕಂತಿಲ್ಲ", "ಈಗ ಹಿಡೀತು ನೋಡ್ರಿ". ಇದರ ವಿರುದ್ಧ ಪದಕ್ಕೆ ಯಾರೂ ಡಿಸ್‌ಕನೆಕ್ಟ್ ಅನ್ನಲ್ಲ, "ಬಿಡ್ತು" ಅಷ್ಟೇ. "ಹಿರಿಯೂರು ದಾಟೋತನಕ ಚೆನ್ನಾಗಿತ್ತು, ಆಮೇಲೆ ಹಿಡಿದು ಹಿಡಿದು ಬಿಡಾಕತ್ತು" ಅಂತ ಒಬ್ಬ ಲಾರಿ ಡ್ರೈವರ್ ಹೇಳಿದ. ನೋಡಿ, ಪದೇ ಪದೇ ಕನೆಕ್ಟ್ ಆಗಿ ಡಿಸ್‌ಕನೆಕ್ಟ್ ಆಗುತ್ತೆ ಅನ್ನೋ ಅಷ್ಟುದ್ದದ ಮಾತು ಮೂರು ಪದದಲ್ಲಿ ಮುಗೀತು, ಒಂದೂ ಹೊರಗಿನ ಪದ ಇಲ್ಲ.

ಇದು ಎಲ್ಲಿಂದ ಬಂತು ಅಂತ ಯೋಚಿಸಿದ್ರೆ ರೇಡಿಯೋ ಇರಬೇಕು ಅನಿಸುತ್ತೆ. ನಮ್ಮಲ್ಲಿ ಹಿರಿಯರು "ಭದ್ರಾವತಿ ಹಿಡಿ ನೋಡನ" ಅಂತಿದ್ರು, ಆಕಾಶವಾಣಿ ಭದ್ರಾವತಿ ಸ್ಟೇಷನ್‌ಗೆ ಮುಳ್ಳು ತಿರುಗಿಸು ಅಂತ ಅರ್ಥ. ಆದ್ರೆ ಅಲ್ಲಿ ಹಿಡಿಯೋರು ನಾವು, ಸ್ಟೇಷನ್ ಸಿಕ್ಕಿಬೀಳೋದು. ಬ್ಲೂಟೂತಲ್ಲಿ ಯಾರು ಯಾರನ್ನ ಹಿಡೀತಾರೆ? ಕಾರು ಫೋನನ್ನೋ, ಫೋನು ಕಾರನ್ನೋ? ಕೇಳಿ ನೋಡಿದೆ, ಒಬ್ಬೊಬ್ಬರು ಒಂದೊಂದು ಹೇಳಿದ್ರು, ಒಬ್ಬ ಹುಡುಗ ಅಂತೂ "ಹಿಡೀತು ಅಂದ್ರೆ ಹಿಡೀತು ಸರ್" ಅಂದುಬಿಟ್ಟ. ಅವನದ್ದೇ ಸರಿ ಅನ್ಸುತ್ತೆ. ಬೆಂಕಿ ಹಿಡೀತು, ತುಕ್ಕು ಹಿಡೀತು, ಮಳೆ ಹಿಡ್ಕಂತು ಅಂತೀವಲ್ಲ, ಅಲ್ಲೆಲ್ಲ ಯಾರು ಯಾರನ್ನ ಅಂತ ಕೇಳ್ತೀವಾ? ಹಳಗನ್ನಡದ ಪಿಡಿಯೇ ಹಕಾರ ಆಗಿ ಹಿಡಿ ಆಗಿದ್ದು, ಅವತ್ತು ಬಿಲ್ಲು ಪಿಡಿದ ಕ್ರಿಯಾಪದ ಇವತ್ತು ಬ್ಲೂಟೂತ್ ಹಿಡೀತಿದೆ, ನನಗಂತೂ ಇದು ಬಹಳ ಖುಷಿ ಕೊಡ್ತು. ಈ ಬಳಕೆ ನಿಘಂಟುಗಳಲ್ಲಿ ಯಾರಾದ್ರೂ ದಾಖಲು ಮಾಡಿದಾರಾ, ಗೊತ್ತಿದ್ದವರು ತಿಳಿಸಿ.

ಹಿಡಿ ಅನ್ನೋದು ದಿನಾ ಆಗೋ ಕನೆಕ್ಟ್‌ಗೆ ಆಯ್ತು. ಮೊದಲ ಸಲದ ಪೇರಿಂಗ್‌ಗೆ? ನಾನು "ಗುರುತು ಮಾಡಿಸು" ಅಂತ ಬರೆದು ನೋಡ್ತಿದೀನಿ. "ಮೊದಲು ಫೋನಿಗೂ ಸೆಟ್ಟಿಗೂ ಗುರುತು ಮಾಡಿಸಿ, ಆಮೇಲೆ ತಾನೇ ಹಿಡಿಯುತ್ತೆ." ಕೆಲಸಕ್ಕೂ ಈ ಪದ ಹೊಂದುತ್ತೆ, ಪೇರಿಂಗಲ್ಲಿ ನಡೆಯೋದೇ ಒಬ್ಬರ ಗುರುತು ಇನ್ನೊಬ್ಬರು ಉಳಿಸ್ಕೊಳ್ಳೋದು, ಒಂದು ಗುಟ್ಟಿನ ಕೀಲಿ ಎರಡೂ ಕಡೆ ಕೂತುಬಿಡುತ್ತೆ, ಮುಂದಿನ ಸಲ ಕೇಳೋದೇ ಇಲ್ಲ. ವೈರ್ ಇಲ್ಲದೆ ನಡೆಯೋ ಆಂಡ್ರಾಯ್ಡ್ ಆಟೋದಲ್ಲಿ (ಫೋನಿನ ಮ್ಯಾಪು ಹಾಡು ಕಾರಿನ ಸ್ಕ್ರೀನಿಗೆ ತರೋ ಗೂಗಲ್‌ನವರ ಏರ್ಪಾಡು) ಇದು ಇನ್ನೂ ಚೆನ್ನಾಗಿ ಕಾಣುತ್ತೆ: ಬ್ಲೂಟೂತ್ ಗುರುತು ಹೇಳಿ ಶುರು ಮಾಡಿಸುತ್ತೆ, ಮ್ಯಾಪಿನ ಚಿತ್ರ ಹೊರೋ ಶಕ್ತಿ ಅದಕ್ಕಿಲ್ಲ, ಆ ಭಾರದ ಕೆಲಸವೆಲ್ಲ ವೈಫೈದು. ಗಿರಾಕಿಗಳು "ಬ್ಲೂಟೂತ್ ಹಿಡಿದೈತೆ, ಮ್ಯಾಪ್ ಬರಲ್ಲ" ಅಂದ್ರೆ ಫೋನಲ್ಲಿ ವೈಫೈ ಆಫ್ ಇದೆಯಾ ಅಂತ ಮೊದಲು ನೋಡಬೇಕು.

ಗುರುತು ಮಾಡಿಸುವಾಗ ಎರಡೂ ಸ್ಕ್ರೀನಲ್ಲಿ ಆರಂಕಿ ನಂಬರ್ ಬರುತ್ತಲ್ಲ, ಹಳೇ ಸೆಟ್ಟುಗಳಲ್ಲಾದ್ರೆ 0000 ಅಥವಾ 1234 ಒತ್ತಬೇಕಿತ್ತು, ಈಗಿನವುಗಳಲ್ಲಿ ಎರಡು ಕಡೆ ಒಂದೇ ನಂಬರ್ ಇದೆಯಾ ನೋಡಿ ಸರಿ ಅನ್ನಬೇಕು. ಇದಕ್ಕೆ "ದೃಢೀಕರಿಸಿ" ಅಂತ ಬರೆಯೋಕೆ ಮನಸ್ಸಾಗಲಿಲ್ಲ. "ತಾಳೆ ನೋಡಿ" ಅಂದೆ. ಮಂಡಿಪೇಟೆ ಊರು ಇದು, ತಾಳೆ ಅಂದ್ರೆ ಎಲ್ಲರಿಗೂ ಗೊತ್ತು, ಲೆಕ್ಕ ತಾಳೆ ಆಗಲಿಲ್ಲ ಅಂದ್ರೆ ಮನೆಗೇ ಹೋಗಲ್ಲ.

ಕೇಬಲ್ ವಿಚಾರ ಬೇಗ ಹೇಳಿಬಿಡ್ತೀನಿ. ಇಲ್ಲಿ ಚಾರ್ಜರ್ ವೈರ್ ಯಾವುದೇ ಇರಲಿ "ಡಾಟಾ ಕೇಬಲ್" ಅಂತಾರೆ. ತಮಾಷೆ ಅಂದ್ರೆ ಕೆಲವು ಅಗ್ಗದ ಕೇಬಲ್ಲಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರ್ತವೆ, ಡಾಟಾದ ಎರಡು ತಂತಿ ಹಾಕಿರೋದೇ ಇಲ್ಲ. ಫೋನು ಚಾರ್ಜ್ ಆಗುತ್ತೆ, ಸೆಟ್ಟು ಹಿಡಿಯಲ್ಲ. ಹೆಸರು ಡಾಟಾ ಕೇಬಲ್, ಡಾಟಾ ಮಾತ್ರ ಇಲ್ಲ! ನನ್ನ ಪೇಜಲ್ಲಿ "ಫೋನಿನ ಬಾಕ್ಸಲ್ಲಿ ಬಂದ ಕೇಬಲ್ಲೇ ಹಾಕಿ" ಅಂತ ಬರೆದು ಪಾರಾದೆ. ಬ್ಲೂಟೂತಲ್ಲಿ ಕಾಲ್‌ಗೆ ಒಂದು ದಾರಿ, ಹಾಡಿಗೆ ಬೇರೆ ದಾರಿ, ಒಂದು ಆನ್ ಇದ್ದು ಇನ್ನೊಂದು ಆಫ್ ಇರಬಹುದು ಅನ್ನೋದನ್ನ "ಮಾತು ಹಿಡಿದೈತೆ, ಹಾಡು ಹಿಡಿದಿಲ್ಲ" ಅಂತ ಜನರೇ ಹೇಳ್ತಾರೆ. ಹಂಗೇ ಬರೆದೆ.

ನಾನು ನಿಜವಾಗಿ ಸಿಕ್ಕಿಹಾಕ್ಕೊಂಡಿರೋದು ಮೂರನೇದರಲ್ಲಿ. ಮಿರರಿಂಗ್ ಅಂತ ಎಲ್ಲರೂ ಅಂತಾರೆ. ಮೊದಲನೇದಾಗಿ ಕಾರಲ್ಲಿ ಮಿರರ್ ಅಂದ್ರೆ ಹಿಂದೆ ನೋಡೋ ಕನ್ನಡಿ, ಆಗಲೇ ಮೂರು ಇವೆ. ಎರಡನೇದು, ಐಫೋನಿಗೆ ಇದೇ ಕೆಲಸ ಮಾಡೋ ಆಪಲ್ ಕಾರ್‌ಪ್ಲೇ 2014ರಲ್ಲಿ ಬಂತು, ಆಂಡ್ರಾಯ್ಡ್ ಆಟೋ 2015ರಲ್ಲಿ, ಇವೆರಡೂ ಮಿರರಿಂಗೇ ಅಲ್ಲ. ಮಿರರಿಂಗ್ ಅಂದ್ರೆ ಫೋನಲ್ಲಿ ಕಾಣೋದೇ ಕಾರಲ್ಲೂ ಕಾಣೋದು, ವಾಟ್ಸಪ್ ತೆಗೆದ್ರೆ ವಾಟ್ಸಪ್ಪು, ಗ್ಯಾಲರಿ ತೆಗೆದ್ರೆ ಗ್ಯಾಲರಿ. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋದಲ್ಲಿ ಫೋನು ಕಾರಿಗೋಸ್ಕರ ಬೇರೆಯದೇ ಚಿತ್ರ ಬರೆದು ಕಳಿಸುತ್ತೆ, ದೊಡ್ಡ ಗುಂಡಿಗಳು, ಕಮ್ಮಿ ಅಕ್ಷರ, ಓಡಿಸುವಾಗ ಕಣ್ಣು ರೋಡ್ ಮೇಲಿರಲಿ ಅಂತ. ಫೋನಿನ ಸ್ಕ್ರೀನ್ ಆಫ್ ಆಗಿದ್ರೂ ಕಾರಲ್ಲಿ ಮ್ಯಾಪ್ ಓಡ್ತಿರುತ್ತೆ. ಸೆಟ್ಟಿನ ಕೆಲಸ ತೋರಿಸೋದು, ನಾವು ಮುಟ್ಟಿದ್ದನ್ನ ವಾಪಸ್ ಫೋನಿಗೆ ಹೇಳೋದು ಅಷ್ಟೇ. ತೊಗಲುಗೊಂಬೆ ಆಟದ ಪರದೆ ಇದ್ದಂಗೆ, ಆಡ್ಸೋನು ಹಿಂದಿದಾನೆ. ಹಿಂಗಿರುವಾಗ "ಪ್ರತಿಬಿಂಬ" ಅಂತ ಬರೆದ್ರೆ ತಪ್ಪಾಗುತ್ತೆ, "ಪ್ರಕ್ಷೇಪಣ" ಅಂದ್ರೆ ರಾಕೆಟ್ ನೆನಪಾಗುತ್ತೆ.

ಅಂಗಡಿ ಹುಡುಗರು "ಮ್ಯಾಪ್ ಮೇಲೆ ಬಂತು", "ಫೋನು ಸೆಟ್ಟಿಗೆ ಬಂತು" ಅಂತಾರೆ. ಸದ್ಯಕ್ಕೆ "ಫೋನು ಸೆಟ್ಟಿನ ಮೇಲೆ ಬರುತ್ತೆ" ಅಂತ ಬರೆದಿದ್ದೀನಿ, ಆದ್ರೆ ನನ್ನ ತಂಗಿ ಓದಿ, ಫೋನನ್ನ ಸೆಟ್ಟಿನ ಮೇಲೆ ಅಂಟಿಸೋ ಹೋಲ್ಡರ್ ಬಗ್ಗೆ ಬರ್ದಿದೀಯಾ ಅಂತ ಕೇಳಿದ್ಲು. "ಮೂಡುತ್ತೆ" ಹೆಂಗೆ? ಚಿತ್ರ ಮೂಡ್ತು, ಅಕ್ಷರ ಮೂಡ್ತು ಅಂತೀವಲ್ಲ. "ಫೋನಿನ ಮ್ಯಾಪು ಸೆಟ್ಟಿನಲ್ಲಿ ಮೂಡುತ್ತೆ." ಕೇಳೋಕೆ ಚೆನ್ನಾಗಿದೆ, ಆದ್ರೆ ನಮ್ಮ ಹುಡುಗರ ಬಾಯಲ್ಲಿ ಬರುತ್ತಾ ಅಂತ ಅನುಮಾನ, ಸ್ವಲ್ಪ ಪುಸ್ತಕದ ವಾಸನೆ.

ಹಾಗಾಗಿ ನಿಮ್ಮ ಹತ್ರ ಕೇಳೋದು ಇಷ್ಟು. ಮೈಸೂರು, ಮಂಡ್ಯ ಕಡೆ, ಕರಾವಳಿ ಕಡೆ, ಧಾರವಾಡ, ಕಲಬುರ್ಗಿ ಕಡೆ ಬ್ಲೂಟೂತ್ "ಹಿಡಿಯುತ್ತಾ", ಇಲ್ಲ ಬೇರೆ ಏನಾದ್ರೂ ಮಾಡುತ್ತಾ? ಧಾರವಾಡದವರು "ಹತ್ತು", "ಹಚ್ಚು" ಬಳಸಬಹುದು ಅಂತ ನನ್ನ ಊಹೆ, ಸರಿಯಾ? "ಗುರುತು ಮಾಡಿಸು" ಓದಿದ ತಕ್ಷಣ ಅರ್ಥ ಆಯ್ತಾ ಅಥವಾ ಪೊಲೀಸ್ ಸ್ಟೇಷನ್ ನೆನಪಾಯ್ತಾ? ಮೂರನೇ ಕೆಲಸಕ್ಕೆ ನಿಮ್ಮೂರಿನ ಅಂಗಡಿಯಲ್ಲಿ, ಗ್ಯಾರೇಜಲ್ಲಿ ಏನಂತಾರೆ? ಹೊಸದಾಗಿ ಕಟ್ಟಿದ ಪದ ಬೇಡ, ಕಿವಿಯಾರೆ ಕೇಳಿದ್ದು ಇದ್ರೆ ಕಳಿಸಿ, ಯಾವ ಊರು, ಹೇಳಿದವರು ಯಾವ ವಯಸ್ಸಿನವರು ಅನ್ನೋದನ್ನೂ ಸೇರಿಸಿ. ಶ್ರಾವಣಕ್ಕೆ ಹೊಸ ಗಾಡಿಗಳು ಜಾಸ್ತಿ ಬರ್ತವೆ ಅಂತ ನಮ್ಮ ಹುಡುಗ ಅವಸರ ಮಾಡ್ತಿದಾನೆ, ಅಷ್ಟರೊಳಗೆ ಜೆರಾಕ್ಸಿಗೆ ಕೊಡಬೇಕು.