ಅಪ್‌ಡೇಟ್: ಕೆಟ್ಟ ಲ್ಯಾನ್ ಪೋರ್ಟಿನ ಬದಲಿಗೆ ಪಿಸಿಐಇ ಕಾರ್ಡ್ ಹಾಕಿದೆ

ತೀರ್ಥಹಳ್ಳಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಳೆಯ ನಂತರ ಲ್ಯಾನ್ ಸಂಪರ್ಕ (ರೂಟರಿನಿಂದ ಕೇಬಲ್ ಮೂಲಕ ಬರುವ ಸಂಪರ್ಕ) ಪದೇ ಪದೇ ಕಡಿದುಹೋಗುತ್ತಿದೆ, ಮದರ್‌ಬೋರ್ಡನ್ನೇ ಬದಲಿಸಬೇಕೇ ಎಂದು ಕೇಳಿದ್ದೆ. ಬದಲಿಸಬೇಕಾಗಲಿಲ್ಲ.

ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಹಾಕಿದಾಗ 1000 ಎಂಬಿಪಿಎಸ್ ಸಂಪರ್ಕ ಸ್ಥಿರವಾಗಿ ನಿಂತಿತು. ಕಂಪ್ಯೂಟರಿನಲ್ಲಿ ಮಾತ್ರ ಅದು 100ಕ್ಕೆ ಇಳಿದು, ಪೋರ್ಟಿನ ಹಸಿರು ದೀಪ ಆಗಾಗ ಆರಿಹೋಗುತ್ತಿತ್ತು. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಕೆಲಸ ಮಾಡಬೇಕು, 100ಕ್ಕೆ ಎರಡು ಜೋಡಿ ಸಾಕು. ಹೀಗಾಗಿ ಪೆಟ್ಟು ಬಿದ್ದಿರುವುದು ಪೋರ್ಟಿಗೇ ಎಂದು ನಿರ್ಧರಿಸಿದೆ.

ಶಿವಮೊಗ್ಗದಿಂದ ಸಾಧಾರಣ ಗಿಗಾಬಿಟ್ ಕಾರ್ಡೊಂದನ್ನು (ಮದರ್‌ಬೋರ್ಡಿನ ಪಿಸಿಐಇ ಸ್ಲಾಟಿಗೆ ಸಿಕ್ಕಿಸುವ, ಹೊಸ ಲ್ಯಾನ್ ಪೋರ್ಟ್ ಇರುವ ಕಾರ್ಡ್) ತಂದು, ಪವರ್ ಕೇಬಲ್ ಕಿತ್ತ ಮೇಲೆ ಕ್ಯಾಬಿನೆಟ್ ತೆರೆದೆ. ಇಂಥ ಕಾರ್ಡಿಗೆಂದೇ ಇರುವ ಚಿಕ್ಕ ಎಕ್ಸ್1 ಸ್ಲಾಟನ್ನು ಗ್ರಾಫಿಕ್ಸ್ ಕಾರ್ಡ್ ಮುಚ್ಚಿದ್ದರಿಂದ, ಖಾಲಿಯಿದ್ದ ಉದ್ದನೆಯ ಸ್ಲಾಟಿನಲ್ಲೇ ಕೂರಿಸಿದೆ. ಎಕ್ಸ್1 ಕಾರ್ಡ್ ಅದರಲ್ಲೂ ಸರಿಯಾಗಿ ನಡೆಯುತ್ತದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಹಳೆಯ ಪೋರ್ಟನ್ನು ನಿಷ್ಕ್ರಿಯಗೊಳಿಸಿದ್ದೇನೆ, ಈ ಹೆಜ್ಜೆಯನ್ನು ಯಾರೂ ಬಿಡಬಾರದು, ಏಕೆಂದರೆ ಅರೆಜೀವದ ಪೋರ್ಟ್ ಗೊಂದಲಕ್ಕೆ ದಾರಿ ಮಾಡಿಕೊಡುತ್ತದೆ. ಹೊಸ ಕಾರ್ಡಿನ ಮ್ಯಾಕ್ ವಿಳಾಸ (ರೂಟರ್ ಯಂತ್ರವನ್ನು ಗುರುತಿಸುವ ಸಂಖ್ಯೆ) ಬೇರೆಯಾದ್ದರಿಂದ, ಈ ಯಂತ್ರಕ್ಕೆ ಮೀಸಲಿಟ್ಟಿದ್ದ ಐಪಿ ವಿಳಾಸವನ್ನು ರೂಟರಿನಲ್ಲಿ ತಿದ್ದಬೇಕಾಯಿತು.

ಫೈಬರ್ ಬಂದ ಮೇಲೆ ಸಿಡಿಲಿನ ಭಯವಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ ಎಂಬುದು ನಿಜ, ಆದರೆ ಅಡಾಪ್ಟರಿನ ಮೂಲಕ ರೂಟರಿಗೆ ನುಗ್ಗಿದ ಆಘಾತವು ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೂ ತಲುಪಬಲ್ಲದು. ಈಗ ಮೋಡ ಕವಿದೊಡನೆ ಅಡಾಪ್ಟರ್, ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡುತ್ತೇವೆ. ಕಾರ್ಡ್ ಹಾಕಿದಂದಿನಿಂದ ಸಂಪರ್ಕ ಒಮ್ಮೆಯೂ ಕಡಿದಿಲ್ಲ.