ಶನಿವಾರದ ಪ್ರಶ್ನೋತ್ತರ: ಮಗು ಎದೆ ಹಿಡಿಯುತ್ತಿಲ್ಲ, ಏನು ಮಾಡಲಿ?

ಶಾರದಾ ಸಿಸ್ಟರ್: ಎಲ್ಲರಿಗೂ ನಮಸ್ಕಾರ. ಹೆರಿಗೆ ವಾರ್ಡಿನಲ್ಲಿ 22 ವರ್ಷ ನರ್ಸ್ ಆಗಿದ್ದೆ. ಈಗ ಹಾಲೂಡಿಸುವ ತಾಯಂದಿರಿಗೆ ಸಲಹೆ ಕೊಡುವುದೇ ಕೆಲಸ. ಇವತ್ತು ಮಗು ಎದೆ ಹಿಡಿಯುವುದು, ಬಾಟಲಿ ಹಿಡಿಯುವುದು ಇಷ್ಟೇ. ಕೇಳುವಾಗ ಮಗುವಿಗೆ ಎಷ್ಟು ದಿನ, ಹುಟ್ಟಿದ ತೂಕ, ಈಗಿನ ತೂಕ, ದಿನಕ್ಕೆ ಎಷ್ಟು ಸಲ ಉಚ್ಚೆ ಅಂತ ಬರೆಯಿರಿ. ಅದಿಲ್ಲದೆ ನಾನು ಏನು ಹೇಳಿದರೂ ಗಾಳಿಯಲ್ಲಿ ಗುಂಡು ಹೊಡೆದ ಹಾಗೆ.

ಅಶ್ವಿನಿ, ತುಮಕೂರು: ಸಿಸ್ಟರ್, ಮಗಳಿಗೆ 6 ದಿನ. 3 ಕೆ.ಜಿ. ಹುಟ್ಟಿದ್ದು, ನಿನ್ನೆ 2.9. ಉಚ್ಚೆ ಏಳೆಂಟು ಸಲ. ಆದರೆ ಎದೆಗೆ ಹಾಕಿದರೆ ಜೀವ ಹೋಗುವಷ್ಟು ನೋವು. ತೊಟ್ಟು ಬಿರುಕು ಬಿಟ್ಟು ರಕ್ತ ಬರುತ್ತಿದೆ. ಅಮ್ಮ "ಮೊದಲ ತಿಂಗಳು ಎಲ್ಲರಿಗೂ ಹೀಗೇ, ತಡ್ಕೋ" ಅಂತಾರೆ.

ಶಾರದಾ ಸಿಸ್ಟರ್: ತಡ್ಕೋಬೇಡಿ. ಶುರುವಿನ ದಿನಗಳಲ್ಲಿ ಮಗು ಬಾಯಿ ಹಾಕಿದ ಕ್ಷಣ ಸ್ವಲ್ಪ ಚುರುಕ್ ಅನ್ನಬಹುದು, ಅರ್ಧ ನಿಮಿಷದಲ್ಲಿ ಹೋಗಬೇಕು. ಕುಡಿಯುವಷ್ಟು ಹೊತ್ತೂ ನೋವು ಇದ್ದರೆ ಮಗು ತೊಟ್ಟನ್ನು ಮಾತ್ರ ಹಿಡಿದಿದೆ ಅಂತ ಅರ್ಥ. ಮಗು ಬಾಯಿ ಬಿಟ್ಟ ತಕ್ಷಣ ತೊಟ್ಟು ನೋಡಿ, ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆ ಆಗಿದ್ದರೆ ಅದೇ ಸಮಸ್ಯೆ. ಎಡ ಎದೆಗೆ ಹಾಕುವಾಗ ಮಗುವನ್ನು ಬಲಗೈಯಲ್ಲಿ ಹಿಡಿಯಿರಿ, ಅಂಗೈ ಅದರ ಬೆನ್ನಿಗೆ, ಬೆರಳು ಕುತ್ತಿಗೆಗೆ. ತಲೆ ಒತ್ತಬೇಡಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಬೇಕು, ಮೂಗು ತೊಟ್ಟಿನ ಎದುರಿಗೆ ಬರಬೇಕು. ತೊಟ್ಟಿನಿಂದ ಮೇಲ್ತುಟಿ ಸವರಿ ಸುಮ್ನೆ ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದಾಗ ಮಗುವನ್ನು ಎದೆಗೆ ತನ್ನಿ, ನೀವು ಬಾಗಿ ಎದೆ ತುರುಕಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣಬೇಕು. ತಪ್ಪಾಗಿ ಹಿಡಿದರೆ ಎಳೆಯಬೇಡಿ, ಬಾಯಿಯ ಮೂಲೆಯಲ್ಲಿ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಾಕಿ. ಹತ್ತು ಸಲ ಆದರೂ ಸರಿ. ಕುಡಿದಾದ ಮೇಲೆ ನಿಮ್ಮದೇ ಹಾಲು ಎರಡು ಹನಿ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಸೋಪು ಹಾಕಬೇಡಿ. ಎರಡು ದಿನದಲ್ಲಿ ನೋವು ಇಳಿಯದಿದ್ದರೆ ಮಗುವಿನ ನಾಲಿಗೆ ಕೆಳಗೆ ಬಿಗಿ ಇದೆಯಾ ಅಂತ ಮಕ್ಕಳ ಡಾಕ್ಟರ ಹತ್ತಿರ ತೋರಿಸಿ.

ದೀಪಾ, ಹುಬ್ಬಳ್ಳಿ: ಮೇಡಂ, ನನಗ ಹಾಲು ಸಾಲಂಗಿಲ್ಲ ಅನಸ್ತದ. ಏನು ತಿನ್ನಬೇಕ್ರಿ?

ಶಾರದಾ ಸಿಸ್ಟರ್: ತೂಕ? ಉಚ್ಚೆ? ಅದನ್ನು ಬರೆಯಿರಿ ಮೊದಲು.

ಗಿರಿಜಮ್ಮ: ಎಲ್ಲಾ ತಾಯಂದಿರಿಗೂ ಉಪಯುಕ್ತ ಮಾಹಿತಿ 🙏 ಮಗು ಎದೆ ಹಿಡಿಯದಿದ್ದರೆ ತೊಟ್ಟಿಗೆ ಸ್ವಲ್ಪ ಜೇನುತುಪ್ಪ ಹಚ್ಚಿ, ಸಿಹಿಗೆ ತಾನಾಗಿ ಹಿಡಿಯುತ್ತದೆ. ಹುಟ್ಟಿದ ಮಗುವಿನ ಎದೆಯಲ್ಲಿ ಹಾಲು ಇದ್ದರೆ ಹಿಂಡಿ ತೆಗೆಯಿರಿ. ಹತ್ತು ಜನರಿಗೆ ಕಳಿಸಿ.

ಶಾರದಾ ಸಿಸ್ಟರ್: ಒಬ್ಬರಿಗೂ ಕಳಿಸಬೇಡಿ. ವರ್ಷ ತುಂಬುವವರೆಗೆ ಜೇನು ಮಗುವಿನ ಬಾಯಿಗೆ ಹೋಗಬಾರದು, ಒಂದು ಹನಿಯೂ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಮೈ ಸಡಿಲವಾಗುತ್ತದೆ, ಚೀಪುವ ಶಕ್ತಿಯೇ ಹೋಗುತ್ತದೆ, ಉಸಿರಾಟಕ್ಕೂ ಬರುತ್ತದೆ. ಹಾಲು ಕುಡಿಯಲಿ ಅಂತ ಹಚ್ಚಿ, ಕುಡಿಯುವುದನ್ನೇ ನಿಲ್ಲಿಸಿದ ಹಾಗಾಯ್ತು. ಇನ್ನು ಮಗುವಿನ ಎದೆ ಉಬ್ಬುವುದು ತಾಯಿಯ ಹಾರ್ಮೋನಿನಿಂದ, ಗಂಡು ಮಗುವಿಗೂ ಆಗುತ್ತದೆ, ತಾನೇ ಇಳಿಯುತ್ತದೆ. ಹಿಂಡಿ ಹಿಂಡಿ ಕೀವಾಗಿ ಆಪರೇಷನ್ ಮಾಡಿಸಿದ ಮಕ್ಕಳನ್ನು ನಾನೇ ವಾರ್ಡಿನಲ್ಲಿ ನೋಡಿದ್ದೇನೆ.

ಗಿರಿಜಮ್ಮ: ನಾನು ನಾಲ್ಕು ಮಕ್ಕಳನ್ನು ಸಾಕಿದ್ದೇನಮ್ಮ. ಎಲ್ಲರಿಗೂ ಜೇನು, ಬಜೆ ತೇಯ್ದು ನೆಕ್ಕಿಸಿದ್ದೇ. ಎಲ್ಲರೂ ಚೆನ್ನಾಗಿದ್ದಾರೆ.

ನಂದಿನಿ, ಬೆಂಗಳೂರು: ಆಂಟಿ, ಹೆಲ್ಮೆಟ್ ಇಲ್ಲದೆ ಓಡಾಡಿದವರೂ ಚೆನ್ನಾಗಿದ್ದಾರೆ.

ಗಿರಿಜಮ್ಮ: ದೊಡ್ಡವರಿಗೆ ಹೀಗಾ ಮಾತಾಡೋದು?

ಸುಮಾ, ಶಿವಮೊಗ್ಗ: ಸಿಸ್ಟರ್, ನನಗೆ ಅವಳಿ ಮಕ್ಕಳು. ಇಬ್ಬರನ್ನೂ ಒಟ್ಟಿಗೆ ಎದೆಗೆ ಹಾಕುವುದು ಹೇಗೆ?

ರೇಖಾ: ಕೇಳಬೇಕೋ ಬೇಡವೋ ಗೊತ್ತಿಲ್ಲ, ನಮ್ಮ ಪಾಪುಗೆ ಅಂಥ ತೊಂದರೆ ಏನಿಲ್ಲ. 36 ವಾರಕ್ಕೆ ಸಿಸೇರಿಯನ್ ಆಯ್ತು, ಇವತ್ತಿಗೆ 7 ದಿನ. ತುಂಬಾ ಒಳ್ಳೆ ಮಗು, ಅಳುವುದೇ ಇಲ್ಲ. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಮಲಗಿದರೆ ಬೆಳಗ್ಗೆ ಐದಕ್ಕೇ. ಹುಟ್ಟಿದಾಗ 2.4 ಕೆ.ಜಿ., ನಿನ್ನೆ ಆಶಾ ಅಕ್ಕ ಬಂದು ತೂಗಿದಾಗ 2.1. ಉಚ್ಚೆ ನಿನ್ನೆಯಿಂದ ಮೂರು ಸಲ, ಬಟ್ಟೆ ಮೇಲೆ ಇಟ್ಟಿಗೆ ಬಣ್ಣದ ಕಲೆ. ಆಶಾ ಅಕ್ಕ ಆಸ್ಪತ್ರೆಗೆ ತೋರಿಸಿ ಅಂದರು. ಮೈ ಸ್ವಲ್ಪ ಹಳದಿ ಇದೆ, ಎಳೆಬಿಸಿಲು ಹಿಡಿದರೆ ಹೋಗುತ್ತೆ ಅಂತಾರೆ ಅತ್ತೆ. ಇನ್ನೊಂದು ವಾರ ನೋಡಬಹುದಾ?

ಶಾರದಾ ಸಿಸ್ಟರ್: ರೇಖಾ, ಒಂದು ವಾರ ಅಲ್ಲ, ಒಂದು ಗಂಟೆಯೂ ಕಾಯಬೇಡಿ. ಈಗಲೇ ಹೊರಡಿ. ಹೆದರಿಸಲು ಹೇಳುತ್ತಿಲ್ಲ, ಯಾಕೆ ಅಂತ ಹೇಳುತ್ತೇನೆ, ಮನೆಯವರಿಗೂ ಓದಿ ಹೇಳಿ.

2.4ರಲ್ಲಿ 300 ಗ್ರಾಂ ಇಳಿದಿದೆ ಅಂದರೆ ಎಂಟರಲ್ಲಿ ಒಂದು ಪಾಲು ಹೋಗಿದೆ. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ. ಆದರೆ ನೂರಕ್ಕೆ ಹತ್ತು ದಾಟಿದರೆ ನಾವು ಸುಮ್ಮನೆ ಬಿಡುವುದಿಲ್ಲ, ಮತ್ತು ಐದನೇ ದಿನದ ಹೊತ್ತಿಗೆ ತೂಕ ಏರಲು ಶುರುವಾಗಿರಬೇಕು. ಏಳನೇ ದಿನ ಕನಿಷ್ಠ ಆರು ಸಲ ಉಚ್ಚೆ ಹೋಗಬೇಕು, ತಿಳಿ ಬಣ್ಣದಲ್ಲಿ. ಈ ವಯಸ್ಸಿನಲ್ಲಿ ಇಟ್ಟಿಗೆ ಬಣ್ಣದ ಕಲೆ ಬಂದರೆ ಮಗುವಿಗೆ ನೀರಿನಂಶ ಸಾಲುತ್ತಿಲ್ಲ.

36 ವಾರಕ್ಕೆ ಹುಟ್ಟಿದ ಮಗು ನೋಡಲು ದಿನ ತುಂಬಿ ಹುಟ್ಟಿದ ಮಗುವಿನ ಹಾಗೇ ಇರುತ್ತದೆ, ಅಲ್ಲೇ ಎಲ್ಲರೂ ಮೋಸ ಹೋಗುವುದು. ದವಡೆಗೆ ಶಕ್ತಿ ಸಾಲದು, ಬೇಗ ದಣಿಯುತ್ತದೆ, ಹಸಿವಾದರೂ ಎದ್ದು ಅಳುವುದಿಲ್ಲ. ಚೀಪಿದ ಹಾಗೆ ಕಾಣುತ್ತದೆ, ನುಂಗಿರುವುದಿಲ್ಲ. ಹಾಲು ಹೊಟ್ಟೆಗೆ ಹೋಗದಿದ್ದರೆ ಕಕ್ಕ ಸರಿಯಾಗಿ ಆಗುವುದಿಲ್ಲ. ಕಾಮಾಲೆಯ ಹಳದಿ ಹೊರಗೆ ಹೋಗುವುದು ಕಕ್ಕದಲ್ಲಿ, ಹಾಗಾಗಿ ಅದು ಮೈಯಲ್ಲೇ ಉಳಿಯುತ್ತದೆ. ಹಳದಿ ಏರಿದಷ್ಟೂ ಮಗುವಿಗೆ ಮಂಪರು. ಮಂಪರಿನಲ್ಲಿ ಇನ್ನೂ ಕಡಿಮೆ ಕುಡಿಯುತ್ತದೆ. ತೀರಾ ಜಾಸ್ತಿಯಾದರೆ ಮೆದುಳಿಗೇ ಪೆಟ್ಟು. ಎಳೆಬಿಸಿಲಿಗೆ ಇದನ್ನು ಇಳಿಸುವ ಶಕ್ತಿ ಇಲ್ಲ. ಆಸ್ಪತ್ರೆಯ ನೀಲಿ ದೀಪ ಬೇರೆ, ಅಂಗಳದ ಬಿಸಿಲು ಬೇರೆ. ಇಷ್ಟು ಚಿಕ್ಕ ಮಗುವನ್ನು ಬರಿಮೈಯಲ್ಲಿ ಹೊರಗೆ ಹಿಡಿದರೆ ಮೈ ತಣ್ಣಗಾಗುವುದೊಂದೇ ಲಾಭ.

ಗಾಡಿ ಬರುವವರೆಗೆ ಇಷ್ಟು ಮಾಡಿ. ಬಟ್ಟೆ ಬಿಚ್ಚಿ ನಿಮ್ಮ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಕೆ, ತಲೆಗೆ ಟೋಪಿ. ಬೆನ್ನು, ಅಂಗಾಲು ಉಜ್ಜಿ ಎಬ್ಬಿಸಿ. ಎದ್ದರೆ, ಕೈಯಲ್ಲಿ ಹಿಂಡಿದ ನಿಮ್ಮ ಹಾಲನ್ನು ಒಳಲೆಯಲ್ಲಿ ಸ್ವಲ್ಪ ಸ್ವಲ್ಪ, ತಲೆ ಎತ್ತರಕ್ಕೆ ಹಿಡಿದು, ನುಂಗಿದ ಮೇಲೆ ಮುಂದಿನದು. ಏಳದಿದ್ದರೆ ಬಾಯಿಗೆ ಏನೂ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಗ್ಲೂಕೋಸ್ ನೀರು, ಸಕ್ಕರೆ ನೀರು ಬೇಡ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಜಿಲ್ಲಾಸ್ಪತ್ರೆಯಲ್ಲಿ ಎಳೆ ಮಕ್ಕಳ ವಿಶೇಷ ಘಟಕ ಇರುತ್ತದೆ, ಎಸ್.ಎನ್.ಸಿ.ಯು. ಅಂತ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷದೊಳಗಿನ ಮಗುವಿಗೆ ಚಿಕಿತ್ಸೆ ಉಚಿತ. ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ಹೊರಟ ಮೇಲೆ "ಹೊರಟೆ" ಅಂತ ಒಂದು ಪದ ಹಾಕಿ.

ಗಿರಿಜಮ್ಮ: ಏಳು ದಿನದ ಹಸಿ ಬಾಣಂತಿಯನ್ನು ಈ ಗಾಳಿಯಲ್ಲಿ ಹೊರಗೆ ಕಳಿಸ್ತೀರಾ? ಹನ್ನೊಂದು ದಿನ ಆದರೂ ಆಗಲಿ.

ಶಾರದಾ ಸಿಸ್ಟರ್: ಗಿರಿಜಮ್ಮ, ಕೈ ಮುಗಿಯುತ್ತೇನೆ, ಈ ಪ್ರಶ್ನೆಗೆ ಮಾತ್ರ ನೀವು ಉತ್ತರ ಕೊಡಬೇಡಿ. ಬಾಣಂತಿಗೆ ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಕಟ್ಟಿ ಕಳಿಸಿ. ರೇಖಾ?

ನಂದಿನಿ, ಬೆಂಗಳೂರು: ಸಿಸ್ಟರ್, ಮಗನಿಗೆ ನಾಲ್ಕು ತಿಂಗಳು, ತೂಕ ಚೆನ್ನಾಗಿದೆ. 26 ವಾರದ ರಜೆ ಮುಗಿಯುತ್ತಾ ಬಂತು ಅಂತ ಹಿಂಡಿದ ಹಾಲನ್ನು ಬಾಟಲಿಯಲ್ಲಿ ಶುರು ಮಾಡಿದೆ. ಅತ್ತೆ ಕುಡಿಸುತ್ತಾರೆ, 120 ಎಂ.ಎಲ್. ಐದು ನಿಮಿಷದಲ್ಲಿ ಖಾಲಿ. ಈಗ ಎದೆಗೆ ಹಾಕಿದರೆ ಬೆನ್ನು ಬಿಲ್ಲಿನ ಹಾಗೆ ಮಾಡಿ ಕಿರುಚುತ್ತಾನೆ.

ಶಾರದಾ ಸಿಸ್ಟರ್: ಮಡಿಲಲ್ಲಿ ಅಂಗಾತ ಮಲಗಿಸಿ ಬಾಟಲಿ ಮೇಲಿಂದ ಬಗ್ಗಿಸುತ್ತಾರೆ ಅಲ್ವಾ? ಹಾಗೆ ಮಾಡಿದರೆ ಅವನು ಕುಡಿಯುತ್ತಿಲ್ಲ, ಮುಳುಗದೆ ಇರಲು ನುಂಗುತ್ತಿದ್ದಾನೆ. ಆ ರಭಸ ಅಭ್ಯಾಸವಾದ ಮೇಲೆ ಎದೆಯಲ್ಲಿ ಹಾಲು ಇಳಿಯಲು ಒಂದು ನಿಮಿಷ ಕಾಯುವುದು ಯಾರಿಗೆ ಬೇಕು? ಕೂರಿಸಿದ ಹಾಗೆ ಹಿಡಿಯಿರಿ. ಅತಿ ನಿಧಾನದ ನಿಪ್ಪಲ್ ಹಾಕಿ. ತುಟಿಗೆ ತಾಗಿಸಿ, ದೊಡ್ಡದಾಗಿ ಬಾಯಿ ತೆರೆದು ತಾನೇ ಒಳಗೆ ಎಳೆದುಕೊಳ್ಳಲಿ. ಬಾಯಿಯ ಮುಂದುಗಡೆ ತುದಿ ಚೀಪಲು ಬಿಟ್ಟರೆ ಎದೆಯಲ್ಲೂ ಹಾಗೇ ಮಾಡುತ್ತಾನೆ. ಬಾಟಲಿ ನೆಲಕ್ಕೆ ಸಮವಾಗಿ ಅಡ್ಡ ಇರಲಿ. ನಾಲ್ಕಾರು ಗುಟುಕಿಗೆ ಒಮ್ಮೆ ತಗ್ಗಿಸಿ ಬಿಡುವು ಕೊಡಿ. ಒಂದು ಸಲಕ್ಕೆ ಹದಿನೈದು ನಿಮಿಷ ಹಿಡಿಯಬೇಕು. ಮುಖ ತಿರುಗಿಸಿದರೆ ಮುಗಿಯಿತು, ಉಳಿದ 20 ಎಂ.ಎಲ್. ಬಾಯಿಗೆ ತುರುಕಬೇಡಿ. ಎದೆಗೆ ಹಾಕುವ ಮೊದಲು ಎರಡು ನಿಮಿಷ ಕೈಯಲ್ಲಿ ಹಿಂಡಿ, ಹಾಲು ಇಳಿಯಲು ಶುರುವಾದ ಮೇಲೆ ಹಾಕಿ. ಅರ್ಧ ನಿದ್ದೆಯಲ್ಲಿ ಹಾಕಿ ನೋಡಿ, ಜಗಳ ಕಡಿಮೆ.

ಲತಾ: ಮೇಡಂ, ಹಾಲು ಹೆಚ್ಚಾಗಲು ಏನು ತಿನ್ನಬೇಕು?

ಶಾರದಾ ಸಿಸ್ಟರ್: ಊಟ. ಹೊಟ್ಟೆ ತುಂಬ. ಹಾಲು ಹೆಚ್ಚುವುದು ಎದೆ ಖಾಲಿಯಾದಾಗ. ದಿನಕ್ಕೆ 8ರಿಂದ 12 ಸಲ ಸರಿಯಾಗಿ ಹಿಡಿಸಿ.

ಸವಿತಾ, ಮಂಗಳೂರು: ತೊಟ್ಟು ಒಳಗೆ ಹೋಗಿದೆ, ಮಗು ಹಿಡಿಯುತ್ತಿಲ್ಲ. ಆಸ್ಪತ್ರೆಯಲ್ಲಿ ಸಿರಿಂಜ್ ಅಂದರು, ಅರ್ಥ ಆಗಲಿಲ್ಲ.

ಶಾರದಾ ಸಿಸ್ಟರ್: 20 ಎಂ.ಎಲ್. ಹೊಸ ಸಿರಿಂಜ್. ಸೂಜಿ ಹಾಕುವ ತುದಿ ಕತ್ತರಿಸಿ, ಪಿಸ್ಟನ್ ಅನ್ನು ಕತ್ತರಿಸಿದ ಕಡೆಯಿಂದ ತೂರಿಸಿ. ನುಣುಪಾದ ಕಡೆ ಎದೆಗೆ. ನೋವಾಗದಷ್ಟು ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿಯಿರಿ, ಪ್ರತಿ ಸಲ ಹಾಲೂಡಿಸುವ ಮುಂಚೆ. ಮಗು ಹಿಡಿಯಬೇಕಾದ್ದು ಎದೆಯನ್ನು, ತೊಟ್ಟನ್ನಲ್ಲ, ಆದ್ದರಿಂದ ಆಸೆ ಬಿಡಬೇಡಿ.

ಪವಿತ್ರಾ: ಇಷ್ಟೆಲ್ಲಾ ಯಾಕೆ ಒದ್ದಾಡಬೇಕು? ನಾನು ಎರಡನೇ ವಾರದಿಂದ ಫಾರ್ಮುಲಾ. ಮಗು ಗುಂಡು ಗುಂಡಾಗಿದೆ.

ಚೈತ್ರಾ: ಎದೆಹಾಲು ಕೊಡದವರು ಅಮ್ಮಂದಿರಾ?

ಪವಿತ್ರಾ: ನನ್ನ ಕಥೆ ನಿಮಗೆ ಗೊತ್ತಾ? ಥೈರಾಯ್ಡ್, ಎರಡು ಬಾಟಲಿ ರಕ್ತ ಏರಿಸಿದ್ದರು. ಬಾಯಿಗೆ ಬಂದ ಹಾಗೆ ಬರೀಬೇಡಿ.

ಮಹೇಶ್: ನಮ್ಮ ಮನೆಯಲ್ಲೂ ಇದೇ ಮಾತು ಕೇಳಿ ಕೇಳಿ ನನ್ನ ಹೆಂಡತಿ ಒಂದು ತಿಂಗಳು ಅತ್ತಿದ್ದಾಳೆ. ದಯವಿಟ್ಟು ನಿಲ್ಲಿಸಿ.

ಚೈತ್ರಾ: ಗಂಡಸರು ಇದರಲ್ಲಿ ಯಾಕೆ ಬರ್ತೀರಿ?

ಮಹೇಶ್: ರಾತ್ರಿ ಎರಡಕ್ಕೆ ಒಳಲೆ ತೊಳೆಯುವವನು ನಾನು, ಅದಕ್ಕೆ.

ಕಿಡ್ಸ್ ಶಾಪ್: ತಾಯಿ ಎದೆಯಂತೆಯೇ ಇರುವ ಬಾಟಲಿ, 40% ರಿಯಾಯಿತಿ. ಇನ್‌ಬಾಕ್ಸ್ ಮಾಡಿ.

ಶಾರದಾ ಸಿಸ್ಟರ್: ಅಡ್ಮಿನ್, ಇದನ್ನು ತೆಗೆಯಿರಿ. ಹಾಲೂಡಿಸುವ ಬಾಟಲಿ, ಮಕ್ಕಳ ಹಾಲಿನ ಪುಡಿ ಜಾಹೀರಾತು ಮಾಡುವುದು 1992ರ ಕಾನೂನಿನ ಪ್ರಕಾರ ಅಪರಾಧ. ಪವಿತ್ರಾ, ನಿಮ್ಮದು ತಪ್ಪಿಲ್ಲ, ಪುಡಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ, ಉಳಿಸುವ ಆಸೆಗೆ ನೀರು ಜಾಸ್ತಿ ಮಾಡಬೇಡಿ. ಚೈತ್ರಾ, ನಿಮಗೆ ಹೇಳಲು ನನ್ನ ಹತ್ತಿರ ಒಳ್ಳೆ ಮಾತು ಇಲ್ಲ. ರೇಖಾ ಎಲ್ಲಿ? ಯಾರಿಗಾದರೂ ಅವರ ಪರಿಚಯ ಇದೆಯಾ?

ಸುಮಾ, ಶಿವಮೊಗ್ಗ: ಸಿಸ್ಟರ್, ಅವಳಿ ಮಕ್ಕಳ ಬಗ್ಗೆ ಕೇಳಿದ್ದೆ.

ಭಾಗ್ಯ: ಹಾಲು ಹೆಚ್ಚಾಗಲು ಸಬ್ಬಸಿಗೆ ಸೊಪ್ಪು ಒಳ್ಳೆಯದಾ?

ಶಾರದಾ ಸಿಸ್ಟರ್: ಮೇಲೆ ಓದಿ.

ಭಾಗ್ಯ: ಓದಿದೆ, ಸಬ್ಬಸಿಗೆ ಬಗ್ಗೆ ಇಲ್ಲ.

ಶಾರದಾ ಸಿಸ್ಟರ್: ತಿನ್ನಿ. ರುಚಿ ಚೆನ್ನಾಗಿರುತ್ತದೆ.

ಗಿರಿಜಮ್ಮ: ಸಿಸ್ಟರ್‌ಗೆ ಕೋಪ ಜಾಸ್ತಿ. ನಾವು ಹೇಳುವುದು ಒಳ್ಳೆಯದಕ್ಕೇ.

ಶಾರದಾ ಸಿಸ್ಟರ್: ನಿಮ್ಮ ಅಂಟಿನುಂಡೆ, ಬಿಸಿ ನೀರಿನ ಸ್ನಾನ, ತಲೆಗೆ ಎಣ್ಣೆ, ಯಾವುದಕ್ಕೂ ನನ್ನ ತಕರಾರಿಲ್ಲ. ಅದೆಲ್ಲ ತಾಯಿಗೆ. ಮಗುವಿನ ಬಾಯಿಗೆ ಆರು ತಿಂಗಳು ಹಾಲು, ಡಾಕ್ಟರ್ ಬರೆದ ಹನಿ ಬಿಟ್ಟು ಬೇರೆ ಏನೂ ಬೇಡ. ನೀರೂ ಬೇಡ.

ರೇಖಾ: ಸಿಸ್ಟರ್, ರೇಖಾ ತಮ್ಮ ಬರೆಯುತ್ತಿರುವುದು. ಜಿಲ್ಲಾಸ್ಪತ್ರೆಗೆ ಬಂದೆವು. ಅಡ್ಮಿಟ್ ಮಾಡಿಕೊಂಡರು. ಕಾಮಾಲೆ ಜಾಸ್ತಿ ಇದೆಯಂತೆ, ದೀಪದ ಕೆಳಗೆ ಮಲಗಿಸಿದ್ದಾರೆ. ರಕ್ತದಲ್ಲಿ ಸೋಡಿಯಂ ಕೂಡ ಏರಿದೆ ಅಂದರು. ಅಕ್ಕ ಅಳುತ್ತಿದ್ದಾಳೆ.

ಶಾರದಾ ಸಿಸ್ಟರ್: ಒಳ್ಳೆ ಕೆಲಸ ಮಾಡಿದಿರಿ ಅಪ್ಪಾ. ಅಕ್ಕನಿಗೆ ಊಟ ಮಾಡಿಸು. ಎರಡು ಮೂರು ಗಂಟೆಗೆ ಒಮ್ಮೆ, ರಾತ್ರಿಯೂ, ಹಾಲು ಹಿಂಡಿ ಒಳಗೆ ಕೊಡಲು ಹೇಳು. ಈಗ ಹಿಂಡಿದರೆ ಮಗು ಎದ್ದು ಕುಡಿಯುವಾಗ ಹಾಲು ಇರುತ್ತದೆ. ಎದೆಗೆ ಹಾಕಲು ಬಿಟ್ಟಾಗ ಹೊಲಿಗೆಗೆ ತಾಗದಂತೆ ಮಗುವನ್ನು ಪಕ್ಕದಲ್ಲಿ, ಕಂಕುಳಲ್ಲಿ ಚೀಲ ಅವುಚಿಕೊಂಡ ಹಾಗೆ ಹಿಡಿಯಲಿ, ಕಾಲು ಬೆನ್ನಿನ ಕಡೆಗೆ. ಚೀಪುವುದು ನಿಂತಾಗ ಎದೆಯನ್ನು ಮೆಲ್ಲಗೆ ಅದುಮಿದರೆ ಹಾಲು ಬಾಯಿಗೆ ಬಂದು ಮತ್ತೆ ನುಂಗುತ್ತಾನೆ. ಆಶಾ ಕಾರ್ಯಕರ್ತೆಗೂ ಒಂದು ಫೋನ್ ಮಾಡಿ ತಿಳಿಸು.

ರೇಖಾ: ಸಿಸ್ಟರ್, ನಾನು ರೇಖಾ. ಈಗ 15 ಎಂ.ಎಲ್. ಹಿಂಡಿ ಕೊಟ್ಟೆ. ನರ್ಸ್ ಒಳಲೆಯಲ್ಲಿ ಕುಡಿಸಿದರು. ಕುಡಿದಾದ ಮೇಲೆ ಅತ್ತ. ಜೋರಾಗಿ.

ಶಾರದಾ ಸಿಸ್ಟರ್: ಅಳಲಿ ಬಿಡಿ ತಾಯಿ, ಅಳಲಿ.

ಸುಮಾ, ಶಿವಮೊಗ್ಗ: ಸಿಸ್ಟರ್, ಅವಳಿ ಮಕ್ಕಳು...