ಕೋಳಿಮರಿ ‘ಕುಕ್ಕತಾವ’: ಮೂರು ಗುಣಕ್ಕ ಒಂದೇ ಪದ ಸಾಲ್ತದೇನು?

ಎಲ್ಲರಿಗೂ ನಮಸ್ಕಾರ.

ಹಾನಗಲ್ಲ ತಾಲೂಕಿನ ನಮ್ಮೂರಿನಲ್ಲಿ ಅವ್ವ ಈ ಸಲ 20 ಮರಿ ತಂದು, ರಟ್ಟಿನ ಡಬ್ಬಿಗೆ ಬಲ್ಬು ಹಚ್ಚಿ ಸಾಕುತ್ತಿದ್ದಾಳೆ. ಹೋದ ವಾರ ನೋಡಿದರೆ ಒಂದು ಮರಿ ಮೂಲೆ ಹಿಡಿದು ನಿಂತಿತ್ತು. ಬಾಲದ ಬುಡದಲ್ಲಿ ಪುಕ್ಕವಿಲ್ಲ, ಸಾಸಿವೆ ಕಾಳಿನಷ್ಟು ರಕ್ತ. ಉಳಿದವು ಬಂದು ಬಂದು ಅಲ್ಲಿಗೇ ಚುಂಚು ಹಾಕುತ್ತಿದ್ದವು. “ಕುಕ್ಕಿ ಕುಕ್ಕಿ ಹಣ್ಣ ಮಾಡ್ಯಾವ ನೋಡಪಾ” ಎಂದ ಅವ್ವ ಅದನ್ನೆತ್ತಿ ಬೇರೆ ಬುಟ್ಟಿಯಡಿ ಇಟ್ಟಳು.

ಊರಿನ ಮಹಿಳಾ ಸಂಘದವರಿಗಾಗಿ ಮರಿ ಸಾಕಣೆಯ ಬಗ್ಗೆ ಒಂದು ಪುಟ ಬರೆಯಲು ಒಪ್ಪಿಕೊಂಡಿದ್ದೇನೆ. ತೊಡಕು ಬಂದದ್ದು ಈ ‘ಕುಕ್ಕು’ವಿನಲ್ಲೇ. ಮೊಟ್ಟೆಯೊಡೆದು ಬಂದ ಮರಿ ನೆಲದ ಚುಕ್ಕೆಯನ್ನೂ ಕುಕ್ಕುತ್ತದೆ, ಪಕ್ಕದ ಮರಿಯ ಕಾಲ್ಬೆರಳನ್ನೂ ಕುಕ್ಕುತ್ತದೆ. ಅದು ಕಾಳು ಹುಡುಕಲು ಕಲಿಯುವ ಬಗೆ. ತುಸು ಬಲಿತ ಮೇಲೆ ಎರಡು ಮರಿ ಕತ್ತು ನಿಗುರಿಸಿ, ಎದೆಗೆ ಎದೆ ಕೊಟ್ಟು ಹಾರುತ್ತವೆ. ಒಂದು ತಲೆ ತಗ್ಗಿಸಿದರೆ ಮುಗಿಯಿತು, ನಾವು ನಡುವೆ ಹೋಗಬೇಕಿಲ್ಲ. ನಾನು ಕಂಡದ್ದು ಮೂರನೆಯದು, ಪುಕ್ಕ ಕಿತ್ತು ಚರ್ಮಕ್ಕೆ ಇಳಿಯುವುದು. ಜಾಗ ಇಕ್ಕಟ್ಟಾದರೆ, ಕಾವು ಹೆಚ್ಚಾದರೆ, ಕಾಳಿನ ತಟ್ಟೆ ಸಾಲದಿದ್ದರೆ ಇದು ಶುರುವಾಗುತ್ತದೆ. ಬೆಳಕು ಪ್ರಖರವಾದರೂ ಅಷ್ಟೇ. (ಕಣ್ಣು ಕುಕ್ಕುವ ಬೆಳಕು ಮರಿಗಳಿಗೂ ಕುಕ್ಕಲು ಹೇಳಿಕೊಡುತ್ತದೆ ಅನ್ನಿ!) ರಕ್ತ ಕಂಡರಂತೂ ಎಲ್ಲವೂ ಮುಗಿಬೀಳುತ್ತವೆ, ಗಾಯಗೊಂಡದ್ದನ್ನು ಆ ಗಳಿಗೆಯೇ ಬೇರೆ ಮಾಡಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಸಾಕು. ಆಮೇಲೆ ವಾರವಾರ ಮೂರು ಡಿಗ್ರಿಯಷ್ಟು ಇಳಿಸುತ್ತ ಬರಬೇಕು.

ಮೂರಕ್ಕೂ ನಮ್ಮಲ್ಲಿ ‘ಕುಕ್ಕತಾವ’ ಒಂದೇ ಮಾತು. ಮೂರನೆಯದಕ್ಕೆ ‘ಸ್ವಜಾತಿ ಭಕ್ಷಣೆ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಭಕ್ಷಣೆಯವರೆಗೆ ಹೋದಾಗ ಮರಿ ಕೈತಪ್ಪಿರುತ್ತದೆ. ಮೊದಲ ಪುಕ್ಕ ಉದುರುವಾಗಲೇ ಎಚ್ಚರಿಸುವ ಪದ ಬೇಕು. ‘ಪುಕ್ಕ’ಕ್ಕೆ ‘ಕೀಳು’ ಸೇರಿಸಿ ‘ಪುಕ್ಕಗೀಳು’ ಅಂದರೆ ‘ಗೀಳು’ ಅಂಟಿದ ಚಟ ಎಂಬ ಅರ್ಥವೂ ಹೊಳೆಯುತ್ತದೆ. ಅದು ತಪ್ಪೂ ಅಲ್ಲ, ಯಾಕಂದರೆ ಒಂದು ಮರಿ ಕಿತ್ತರೆ ಉಳಿದವೂ ನೋಡಿ ಕಲಿಯುತ್ತವೆ.

ಎರಡನೆಯದಕ್ಕೂ, ಅಂದರೆ ಯಾವ ಮರಿ ಮೇಲು ಎಂದು ತೀರ್ಮಾನವಾಗುವ ಆ ಜಗಳಕ್ಕೂ, ಹೆಸರು ಬೇಕು. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಕೋಳಿಗಳ ಈ ಮೇಲು-ಕೀಳನ್ನು 1921ರಲ್ಲಿ ವಿವರಿಸಿದರು. ಜರ್ಮನ್ನಿನಲ್ಲಿ ಅದಕ್ಕಿರುವ ಹೆಸರೂ ‘ಕುಕ್ಕು’ ಮತ್ತು ‘ಕ್ರಮ’ ಕೂಡಿ ಆದದ್ದೇ. ನಮ್ಮ ಕಡೆಯ ‘ಪಾಳಿ’ ಸೇರಿಸಿ ‘ಕುಕ್ಕುಪಾಳಿ’ ಎಂದು ಮೊದಲು ಬರೆದು ಹೊಡೆದುಹಾಕಿದೆ. ಪಾಳಿ ಎಲ್ಲರಿಗೂ ಬರುತ್ತದೆ, ಇಲ್ಲಿ ಕೆಳಗಿನ ಮರಿಗೆ ತಿರುಗಿ ಕುಕ್ಕುವ ಪಾಳಿ ಬರುವುದಿಲ್ಲವಲ್ಲ! ‘ಕುಕ್ಕಿನ ಹಿರಿತನ’ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ರೋಣ, ಕಲಘಟಗಿ, ಬ್ಯಾಡಗಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ: ಮರಿಗಳು ಎದೆ ಕೊಟ್ಟು ನಿಂತಾಗ ಏನನ್ನುತ್ತಾರೆ, ಪುಕ್ಕ ಕಿತ್ತಾಗ ಏನನ್ನುತ್ತಾರೆ?